ನಾಯಿ ಎದುರಾದರೆ ಮಗು ಏನು ಮಾಡಬೇಕು? ಮನೆಯಲ್ಲೇ ಕಲಿಸುವ ಕ್ರಮ

"ನಮ್ಮ ಮಗಳು ನಾಯಿ ಕಂಡ ಕೂಡಲೇ ಕಿರುಚಿಕೊಂಡು ಓಡ್ತಾಳೆ, ಏನು ಮಾಡೋದು?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. "ನಮ್ಮ ಮಗನಿಗೆ ಹೆದರಿಕೆಯೇ ಇಲ್ಲ, ಬೀದಿಯ ಮರಿಗಳನ್ನೆಲ್ಲ ಎತ್ತಿಕೊಂಡು ಬರ್ತಾನೆ" ಅನ್ನುವುದು ಇನ್ನೊಂದು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಎರಡೂ ಜಾಸ್ತಿಯಾಗುತ್ತವೆ. ಇಬ್ಬರು ಮಕ್ಕಳಿಗೂ ಕಲಿಸಬೇಕಾದದ್ದು ಒಂದೇ ಪಾಠ.

"ನಾಯಿ ಬಂದರೆ ಓಡಬೇಡ" ಅಂತ ನಾವೆಲ್ಲ ನೂರು ಸಲ ಹೇಳಿರುತ್ತೇವೆ. ಮಗು ತಲೆಯನ್ನೂ ಆಡಿಸಿರುತ್ತದೆ. ಆದರೆ ನಾಯಿ ನಿಜವಾಗಿ ಎದುರಿಗೆ ಬಂದು ನಿಂತಾಗ ಕಿವಿಗೆ ಬಿದ್ದ ಮಾತು ನೆನಪಿಗೆ ಬರುವುದಿಲ್ಲ. ಕೈಕಾಲಿಗೆ ರೂಢಿಯಾದದ್ದು ಮಾತ್ರ ಬರುತ್ತದೆ. ಹಾಗಾಗಿ ಈ ಬರಹದಲ್ಲಿ ಮಗುವಿಗೆ ಏನು ಹೇಳಬೇಕು ಅನ್ನುವುದಕ್ಕಿಂತ ಏನು ಮಾಡಿಸಬೇಕು ಅನ್ನುವುದೇ ಜಾಸ್ತಿ ಇದೆ.

ಮಕ್ಕಳ ವಿಷಯದಲ್ಲಿ ಇಷ್ಟು ಕಾಳಜಿ ಯಾಕೆ ಅಂದರೆ, ರೇಬಿಸ್ ಇರಬಹುದೆಂಬ ಅನುಮಾನದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ 100ಕ್ಕೆ 40 ಜನ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೇಬಿಸ್ ಅಂದರೆ ನಾವು ಹುಚ್ಚುನಾಯಿ ರೋಗ ಅನ್ನುವುದು. ಅದರ ವೈರಸ್ ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ಗಾಯದೊಳಗೆ ಸೇರಿ, ನರದ ದಾರಿ ಹಿಡಿದು ಮಿದುಳು ಮುಟ್ಟುತ್ತದೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಔಷಧ ಇಲ್ಲ. ಅದಕ್ಕೆ ಮುಂಚೆ ಎಚ್ಚೆತ್ತುಕೊಂಡರೆ ತಡೆಯಬಹುದು. ಮಕ್ಕಳು ಗಿಡ್ಡ. ದೊಡ್ಡವರ ಕಾಲಿಗೆ ಬೀಳುವ ಹಲ್ಲು ಅವರ ಮುಖಕ್ಕೋ ಕತ್ತಿಗೋ ಬೀಳುತ್ತದೆ. ಗಾಯ ಮಿದುಳಿಗೆ ಹತ್ತಿರ ಇದ್ದಷ್ಟೂ ಕೈಯಲ್ಲಿರುವ ಸಮಯ ಕಡಿಮೆ.

ಏನೇನು ಬೇಕು?

ದಿನಕ್ಕೆ 10 ನಿಮಿಷ, ಸುಮಾರು ಎರಡು ವಾರ. ಒಂದು ಗೊಂಬೆ ನಾಯಿ, ಇಲ್ಲದಿದ್ದರೆ ಒಂದು ದಿಂಬು. ಮಗುವಿನ ಶಾಲೆ ಬ್ಯಾಗ್. ಇಷ್ಟೇ. ಮೂರೂವರೆ, ನಾಲ್ಕು ವರ್ಷಕ್ಕೆ ಶುರು ಮಾಡಬಹುದು. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಐದಾರು ವರ್ಷದ ಮಗು ಎಷ್ಟೇ ಚೆನ್ನಾಗಿ ಕಲಿತರೂ ಬೀದಿಯಲ್ಲಿ ಅದರ ಜೊತೆ ದೊಡ್ಡವರು ಇರಲೇಬೇಕು. "ಕಲಿಸಿದ್ದೀವಲ್ಲ" ಅಂತ ಒಬ್ಬೊಬ್ಬರನ್ನೇ ಅಂಗಡಿಗೆ ಕಳಿಸಬೇಡಿ.

1. ಮೊದಲು ನಮ್ಮ ಮಾತು ಸರಿಮಾಡಿಕೊಳ್ಳೋಣ

"ಊಟ ಮಾಡದಿದ್ರೆ ನಾಯಿಗೆ ಹಿಡಿದು ಕೊಡ್ತೀನಿ." ಈ ಮಾತು ಇಲ್ಲದ ಮನೆ ಕಡಿಮೆ. ದಿನಾ ಇದನ್ನು ಕೇಳಿ ಬೆಳೆದ ಮಗುವಿಗೆ ನಾಯಿ ಕಂಡಾಗ ಓಡುವುದು ಬಿಟ್ಟು ಬೇರೆ ಏನು ತೋಚೀತು? ಇವತ್ತಿನಿಂದಲೇ ಈ ಮಾತು ನಿಲ್ಲಿಸಿ. ಅಜ್ಜಿ ತಾತನಿಗೂ ಮೆಲ್ಲಗೆ ಹೇಳಿ.

ಎರಡನೆಯದು "ಬೊಗಳುವ ನಾಯಿ ಕಚ್ಚುವುದಿಲ್ಲ" ಅನ್ನುವ ಗಾದೆ. ಮನುಷ್ಯರ ಬಗ್ಗೆ ಹೇಳುವಾಗ ಅದು ಚೆನ್ನಾಗಿದೆ. ನಾಯಿಯ ವಿಷಯದಲ್ಲಿ ಅದು ಸುಳ್ಳು. ಬೊಗಳುವ ನಾಯಿಯೂ ಕಚ್ಚುತ್ತದೆ, ಸದ್ದಿಲ್ಲದೆ ಬರುವ ನಾಯಿಯೂ ಕಚ್ಚುತ್ತದೆ. ಮಕ್ಕಳು ಗಾದೆಯನ್ನು ಅಕ್ಷರಶಃ ನಂಬುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಮೂರನೆಯದು ಕಲ್ಲು. ನಾಯಿ ಬಂದಾಗ ಬಗ್ಗಿ ಕಲ್ಲು ಎತ್ತುವ ಹಾಗೆ ಮಾಡುವುದು ನಮ್ಮಲ್ಲಿ ತುಂಬ ಜನಕ್ಕೆ ಅಭ್ಯಾಸ. ದೊಡ್ಡವರು ಬಗ್ಗಿದರೆ ಕೆಲವು ನಾಯಿ ಹಿಂದೆ ಸರಿಯುತ್ತವೆ, ನಿಜ. ಮಗು ಬಗ್ಗಿದರೆ ಅದರ ಮುಖ ನೇರ ನಾಯಿಯ ಬಾಯಿಯ ಮಟ್ಟಕ್ಕೆ ಬರುತ್ತದೆ. ಕಲ್ಲೇಟು ತಿಂದ ನಾಯಿ ಮುಂದಿನ ಸಲ ಅದೇ ಎತ್ತರದ ಇನ್ನೊಂದು ಮಗುವನ್ನು ನೋಡಿದಾಗಲೂ ಗುರ್ ಅನ್ನಬಹುದು. ಮಕ್ಕಳ ಮುಂದೆ ನಾವೂ ಕಲ್ಲು ಎತ್ತಬಾರದು.

2. ನಾಯಿಯ ಮೈ ಓದುವುದು

ಇದು ಮಕ್ಕಳಿಗೆ ತುಂಬ ಇಷ್ಟವಾಗುವ ಪಾಠ. ಕಿಟಕಿ, ತಾರಸಿ, ಬಾಲ್ಕನಿ, ಎಲ್ಲಿಂದಾದರೂ ಸರಿ, ದೂರದಿಂದ ಬೀದಿಯ ನಾಯಿಗಳನ್ನು ನೋಡುತ್ತಾ ಕೂರಿ. "ಈಗ ಇದಕ್ಕೆ ಏನನ್ನಿಸ್ತಿದೆ ಹೇಳು ನೋಡೋಣ?" ಅಂತ ಕೇಳಿ. ಉತ್ತರ ತಪ್ಪಾದರೂ ಪರವಾಗಿಲ್ಲ. ನಾಯಿಯನ್ನು ಗಮನಿಸುವ ರೂಢಿ ಬಂದರೆ ಸಾಕು.

ಬಾಲದಿಂದ ಶುರು ಮಾಡಿ. ಬಾಲ ಆಡಿಸಿದರೆ ಸ್ನೇಹ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮಕ್ಕಳು ಮೋಸಹೋಗುವುದು ಇಲ್ಲೇ. ಖುಷಿಯಾಗಿರುವ ನಾಯಿ ಬಾಲವನ್ನು ಸಡಿಲವಾಗಿ ಬೀಸುತ್ತದೆ. ಬಾಲದ ಜೊತೆ ಸೊಂಟವೂ ಆಡುತ್ತದೆ, ಮೈಯೆಲ್ಲ ಬಳುಕುತ್ತದೆ. ಬಾಲ ಕಡ್ಡಿಯ ಹಾಗೆ ಮೇಲೆ ನಿಂತು, ತುದಿ ಮಾತ್ರ ಪಟಪಟ ಅಲ್ಲಾಡುತ್ತಿದ್ದು, ಉಳಿದ ಮೈ ಸೆಟೆದಿದ್ದರೆ ಅದು ಎಚ್ಚರಿಕೆ. ಎರಡು ಕಾಲಿನ ನಡುವೆ ಬಾಲ ಸೇರಿಸಿಕೊಂಡಿದ್ದರೆ ಅದು ಹೆದರಿದೆ. ಹೆದರಿದ ನಾಯಿಗೆ ತಪ್ಪಿಸಿಕೊಳ್ಳಲು ಜಾಗ ಸಿಗದಿದ್ದರೆ ಅದೂ ಕಚ್ಚುತ್ತದೆ.

ಆಮೇಲೆ ಮುಖ. ಹಲ್ಲು ಕಿರಿಯುವುದು, ಗುರ್ ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕಿಂತ ಮುಂಚೆ ಬರುವ ಸಣ್ಣ ಗುರುತುಗಳನ್ನು ಕಲಿಸಿ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು. ನಿದ್ದೆ ಬಾರದಿದ್ದರೂ ಆಕಳಿಸುವುದು. ಮುಖ ಆ ಕಡೆ ತಿರುಗಿಸಿ ಕಣ್ಣಿನ ಅಂಚಿನಿಂದ ನೋಡುವುದು, ಆಗ ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟಿಸಿಕೊಳ್ಳುವುದು. ಬೆನ್ನ ಮೇಲಿನ ಕೂದಲು ನೆಟ್ಟಗಾಗುವುದು. ಇದೆಲ್ಲಕ್ಕೂ ಅರ್ಥ ಒಂದೇ: "ನನ್ನ ಪಾಡಿಗೆ ನನ್ನ ಬಿಡು." ಮಕ್ಕಳಿಗೆ ಇದೇ ಮಾತಿನಲ್ಲಿ ಹೇಳಿ, ಬೇಗ ಹತ್ತುತ್ತದೆ.

ಎಲ್ಲಕ್ಕಿಂತ ಅಪಾಯದ ಗುರುತು, ಆಡುತ್ತಿದ್ದ ನಾಯಿ ಇದ್ದಕ್ಕಿದ್ದ ಹಾಗೆ ಸ್ತಬ್ಧವಾಗಿ ನಿಂತುಬಿಡುವುದು. ಆಗ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು.

3. ಯಾವ ನಾಯಿಯ ಹತ್ತಿರ ಹೋಗಲೇಬಾರದು?

ಇದನ್ನು ಬಾಯಿಪಾಠ ಮಾಡಿಸಿ. ತಿನ್ನುತ್ತಿರುವ ನಾಯಿ, ಮಲಗಿರುವ ನಾಯಿ, ಮರಿ ಹಾಕಿರುವ ನಾಯಿ, ಕಟ್ಟಿಹಾಕಿದ ನಾಯಿ, ಗಾಯವಾಗಿರುವ ನಾಯಿ, ಜಗಳ ಆಡುತ್ತಿರುವ ನಾಯಿ. ಗೇಟಿನ ಸಂದಿಯಲ್ಲಿ ಅಥವಾ ಕಾರಿನ ಕಿಟಕಿಯಲ್ಲಿ ಕೈ ಹಾಕಿ ನಾಯಿ ಮುಟ್ಟುವ ಹಾಗಿಲ್ಲ.

ಮರಿಗಳ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಬೀದಿನಾಯಿಗಳು ಬೆದೆಗೆ ಬಂದು ಗುಂಪು ಕಟ್ಟಿ ತಿರುಗುತ್ತವೆ. ನಾಯಿ ಮರಿ ಹಾಕಲು ಬೇಕಾಗುವುದು ಸುಮಾರು ಎರಡು ತಿಂಗಳು. ಚಳಿಗಾಲದಲ್ಲಿ ಚರಂಡಿ ಮೋರಿ, ಕಟ್ಟುತ್ತಿರುವ ಮನೆ, ನಿಂತ ಲಾರಿಯ ಕೆಳಗೆ ಮರಿಗಳು ಕಾಣುವುದು ಇದಕ್ಕೇ. ಮಕ್ಕಳಿಗೆ ಅವನ್ನು ಎತ್ತಿಕೊಳ್ಳುವ ಆಸೆ. ತಾಯಿ ಅಲ್ಲೇ ಎಲ್ಲೋ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಇನ್ನೊಂದು ವಿಷಯ ದೊಡ್ಡವರಿಗೂ ಗೊತ್ತಿರುವುದಿಲ್ಲ. ಮರಿಗೂ ರೇಬಿಸ್ ಬರಬಹುದು. "ಮರಿ ಅಲ್ವಾ, ಹಲ್ಲು ತಾಗಿದ್ರೆ ಏನಾಗತ್ತೆ" ಅಂತ ಸುಮ್ಮನಾಗಬೇಡಿ.

4. ಮರ ಆಗುವುದು

ಇಡೀ ಬರಹದಲ್ಲಿ ಒಂದೇ ಒಂದು ಕಲಿಸಲು ಸಮಯ ಇದ್ದರೆ ಇದನ್ನು ಕಲಿಸಿ.

ಓಡುವುದನ್ನು ಕಂಡರೆ ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಅದು ಅದರ ಹುಟ್ಟುಗುಣ. ನಾಯಿಗಿಂತ ವೇಗವಾಗಿ ಓಡುವ ಮಗು ಇಲ್ಲ. ಅಲ್ಲಾಡದೆ ನಿಂತದ್ದರ ಮೇಲೆ ಅದಕ್ಕೆ ಬೇಗ ಆಸಕ್ತಿ ಹೋಗುತ್ತದೆ. ಮೂಸಿ ನೋಡಿ ಹೊರಟುಹೋಗುತ್ತದೆ.

ಮಕ್ಕಳು ಆಡುವ ಸ್ಟ್ಯಾಚ್ಯೂ ಆಟ ಗೊತ್ತಲ್ವಾ? ಒಬ್ಬರು "ಸ್ಟ್ಯಾಚ್ಯೂ" ಅಂದ ಕೂಡಲೇ ಇನ್ನೊಬ್ಬರು ಇದ್ದ ಹಾಗೇ ನಿಲ್ಲಬೇಕು. ಅದೇ ಆಟವನ್ನು ಸ್ವಲ್ಪ ಬದಲಿಸಿ. "ಮರ" ಅಂದಾಗ ಹೀಗೆ ನಿಲ್ಲಬೇಕು:

ಕಾಲು ಬೇರು. ಎರಡೂ ಪಾದ ನೆಲಕ್ಕೆ ಊರಬೇಕು, ಕದಲಬಾರದು.

ಕೈ ಕೊಂಬೆ. ಎರಡೂ ಕೈ ಕೆಳಗೆ ಇಳಿಸಿ ಹೊಟ್ಟೆಯ ಕೆಳಗೆ ಬೆರಳು ಹೆಣೆದುಕೊಳ್ಳಬೇಕು. ಕೈ ಮೇಲೆತ್ತಬಾರದು. ಕೈಯಲ್ಲಿ ಇರುವುದನ್ನು ಕಸಿದುಕೊಳ್ಳಲು ಬಂದಿದೆ ಅನ್ನಿಸಿದರೂ ಎತ್ತಬಾರದು. ಎತ್ತಿದರೆ ನಾಯಿ ಹಾರುತ್ತದೆ. ಬಿಸ್ಕತ್ತೋ ಚಕ್ಕುಲಿಯೋ ಇದ್ದರೆ ಕೆಳಗೆ ಬಿಟ್ಟುಬಿಡಬೇಕು.

ಕಣ್ಣು ಬೇರಿನ ಕಡೆ. ನಾಯಿಯ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಅದಕ್ಕೆ ಜಗಳಕ್ಕೆ ಕರೆದ ಹಾಗೆ. ಅದಕ್ಕೆ ತನ್ನ ಪಾದ ನೋಡಿಕೊಳ್ಳಬೇಕು.

ಬಾಯಿ ಮುಚ್ಚಿರಬೇಕು. ಮನಸ್ಸಿನಲ್ಲೇ ಎರಡರ ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅಂತ ಕೊನೆಯವರೆಗೆ. ಮಗ್ಗಿ ಬಾರದ ಚಿಕ್ಕವರು 1ರಿಂದ 20 ಎಣಿಸಲಿ. ಮನಸ್ಸಿಗೆ ಒಂದು ಕೆಲಸ ಸಿಕ್ಕರೆ ಕಿರುಚುವುದು ತಪ್ಪುತ್ತದೆ, ಉಸಿರೂ ನಿಧಾನವಾಗುತ್ತದೆ.

ಮೊದಲ ಎರಡು ಮೂರು ದಿನ ಹಾಲ್‌ನಲ್ಲಿ ಸುಮ್ನೆ ಆಟದ ಹಾಗೆ ಆಡಿ. ಆಮೇಲೆ ಗೊಂಬೆ ನಾಯಿಯನ್ನು ತನ್ನಿ. ನೀವೇ ಮಂಡಿಯೂರಿ, ಗೊಂಬೆಯನ್ನು ಮಗುವಿನ ಕಾಲ ಸುತ್ತ ಆಡಿಸಿ, ಮೊಣಕಾಲಿಗೆ ಮೂಗು ತಾಗಿಸಿ. ಮಗು ನಗುತ್ತದೆ, ಒಂದು ಕಾಲು ಎತ್ತುತ್ತದೆ, ಬೆರಳು ಬಿಡಿಸಿಕೊಳ್ಳುತ್ತದೆ. "ಬೇರು ಕಿತ್ತುಬಂತಲ್ಲ, ಮತ್ತೆ ನೆಡೋಣ" ಅಂತ ಮತ್ತೆ ಶುರು ಮಾಡಿ. ಬೆರಳು ನೋಡುತ್ತಿರಿ. ಹೆಣೆದ ಬೆರಳು ಸಡಿಲವಾಗಿದ್ದರೆ ಪಾಠ ಹತ್ತಿದೆ ಅಂತ ತಿಳಿಯಿರಿ. ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದರೆ ಮಗು ಹೆದರಿದೆ, ಅವತ್ತು ಗೊಂಬೆ ಬೇಡ.

ಒಂದು ವಾರ ಆದ ಮೇಲೆ ಹೇಳದೆ ಕೇಳದೆ ಕೂಗಿ. ಅಂಗಳದಲ್ಲಿ ಓಡಾಡುವಾಗ, ಬ್ಯಾಗ್ ಹಾಕಿಕೊಂಡಿರುವಾಗ, ಕೈಯಲ್ಲಿ ಐಸ್‌ಕ್ರೀಮ್ ಇರುವಾಗ "ಮರ!" ಅನ್ನಿ. ಓಡುತ್ತಿದ್ದ ಮಗು ಗಕ್ಕನೆ ನಿಂತರೆ ನಿಮ್ಮ ಕೆಲಸ ಮುಕ್ಕಾಲು ಆಯಿತು.

ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಕೊನೆಯ ಭಾಗವನ್ನು. ನಾಯಿ ಆ ಕಡೆ ತಿರುಗಿದ ಮೇಲೆ ಏನು? ಆಗಲೂ ಓಡಬಾರದು. ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಹತ್ತಿರದ ಅಂಗಡಿಗೋ ಗೇಟಿನ ಒಳಗೋ ಹೋಗಬೇಕು. ಹಿಂದೆ ನಡೆಯುವುದನ್ನೂ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಎಡವಿ ಬೀಳುತ್ತಾರೆ.

5. ಬಿದ್ದರೆ ಆಮೆ, ಬ್ಯಾಗ್ ಇದ್ದರೆ ಗುರಾಣಿ

ನಾಯಿ ಮೈಮೇಲೆ ಹಾರಿ ಮಗು ಬಿದ್ದುಹೋದರೆ ಆಮೆಯಾಗಬೇಕು. ಮಂಡಿ ಮಡಚಿ, ಮುಖ ನೆಲಕ್ಕೆ ಮಾಡಿ, ಗದ್ದ ಎದೆಗೆ ಒತ್ತಿ, ಎರಡೂ ಕೈ ಹಿಂದೆ ತಂದು ಬೆರಳು ಹೆಣೆದು ಕತ್ತು ಮುಚ್ಚಬೇಕು. ಮುಂಗೈ ಕಿವಿಗಳನ್ನು ಮುಚ್ಚಬೇಕು. ಹೊಟ್ಟೆ, ಮುಖ, ಕತ್ತು, ಕಿವಿ ಇಷ್ಟೂ ಒಳಗೆ. ಚಾಪೆಯ ಮೇಲೆ ಮಾಡಿಸಿ.

ಬ್ಯಾಗ್ ದೊಡ್ಡ ಆಸರೆ. ನಾಯಿ ನುಗ್ಗಿ ಬರುತ್ತಿದೆ ಅನ್ನಿಸಿದರೆ ಬ್ಯಾಗನ್ನು ಮುಂದೆ ಹಿಡಿದುಕೊಳ್ಳಬೇಕು. ಕಚ್ಚುವುದಾದರೆ ಬ್ಯಾಗನ್ನು ಕಚ್ಚಲಿ. ನಾಯಿ ಕೈಯನ್ನೋ ಬಟ್ಟೆಯನ್ನೋ ಹಿಡಿದುಬಿಟ್ಟರೆ ಜಗ್ಗಬಾರದು, ಜಗ್ಗಿದಷ್ಟೂ ಗಾಯ ಹರಿಯುತ್ತದೆ. ದೊಡ್ಡ ಮಕ್ಕಳಿಗೆ ಇದನ್ನು ಹೇಳಿ, ಚಿಕ್ಕವರಿಗೆ ಬೇಡ, ಸುಮ್ನೆ ಹೆದರಿಕೆ.

ಸೈಕಲ್‌ನಲ್ಲಿ ಹೋಗುವ ಮಕ್ಕಳು ನಾಯಿ ಬೆನ್ನು ಹತ್ತಿದರೆ ಜೋರಾಗಿ ತುಳಿಯುತ್ತಾರೆ. ತಿರುಗುವ ಚಕ್ರ, ಆಡುವ ಕಾಲು, ಎರಡೂ ನಾಯಿಯನ್ನು ಇನ್ನಷ್ಟು ಕೆರಳಿಸುತ್ತವೆ. ನಿಧಾನ ಮಾಡಿ, ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಾಯಿಗೂ ತನಗೂ ನಡುವೆ ಇಟ್ಟುಕೊಂಡು ನಡೆಯಬೇಕು. ಸ್ಕೂಟರ್‌ನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವ ನಾವೂ ಅಷ್ಟೇ. ಗಾಬರಿಯಿಂದ ವೇಗ ಹೆಚ್ಚಿಸಿದರೆ ನಾಯಿ ಕಚ್ಚುವುದಕ್ಕಿಂತ ಮುಂಚೆ ನಾವೇ ಬೀಳುತ್ತೇವೆ.

ನಾಯಿಗಳು ಗುಂಪಾಗಿದ್ದರೆ ಮರ ಆಗುವುದನ್ನು ಮಾತ್ರ ನಂಬಿಕೊಳ್ಳಬೇಡಿ. ಗುಂಪು ಕಂಡ ಕೂಡಲೇ, ಅವು ಇನ್ನೂ ದೂರ ಇರುವಾಗಲೇ, ಮಗು ಆ ದಾರಿ ಬಿಡಬೇಕು. ಹತ್ತಿರ ಬಂದುಬಿಟ್ಟರೆ ಗೋಡೆಗೋ ನಿಂತ ಕಾರಿಗೋ ಬೆನ್ನು ಕೊಟ್ಟು, ಬ್ಯಾಗ್ ಮುಂದೆ ಹಿಡಿದು, ದೊಡ್ಡವರನ್ನು ಕರೆಯಬೇಕು. ಕಿರುಚಾಟ ಬೇಡ, ಗಟ್ಟಿ ದನಿಯಲ್ಲಿ "ಅಂಕಲ್, ನಾಯಿ!" ಅಂದರೆ ಸಾಕು.

6. ಶಾಲೆ ದಾರಿಯನ್ನು ಒಟ್ಟಿಗೆ ನಡೆಯಿರಿ

ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ ಮಗುವಿನ ಜೊತೆ ಆ ದಾರಿಯಲ್ಲಿ ನಡೆಯಿರಿ. ಕೋಳಿ ಅಂಗಡಿಯ ಹಿಂದಿನ ಗಲ್ಲಿ, ಕಸದ ರಾಶಿ, ರಾತ್ರಿ ನಾಯಿಗಳಿಗೆ ಅನ್ನ ಹಾಕುವ ಜಾಗ, ಖಾಲಿ ಸೈಟು. ನಾಯಿಗಳು ಸೇರುವುದು ಇಂಥಲ್ಲಿ. ಅದನ್ನು ತಪ್ಪಿಸಿ ಹೋಗುವ ದಾರಿ ಎರಡು ನಿಮಿಷ ಜಾಸ್ತಿಯಾದರೂ ಅದನ್ನೇ ಆರಿಸಿ. "ಇಲ್ಲಿ ನಾಯಿ ಬಂದರೆ ಯಾವ ಅಂಗಡಿಗೆ ಹೋಗ್ತೀಯ?" ಅಂತ ಕೇಳಿ. ಆ ಅಂಗಡಿಯವರಿಗೆ ಮಗುವನ್ನು ಪರಿಚಯ ಮಾಡಿಸಿ.

ಬೀದಿನಾಯಿಯ ಕಿವಿಯ ತುದಿ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ, ಆ ಸಮಯದಲ್ಲಿ ರೇಬಿಸ್ ಲಸಿಕೆಯನ್ನೂ ಹಾಕಿದ್ದಾರೆ ಅಂತ ಅರ್ಥ. ಆ ಲಸಿಕೆಯ ಅವಧಿ ಮುಗಿದಿರಲೂಬಹುದು. ಹಾಗಾಗಿ ಕಿವಿ ನೋಡಿ ಧೈರ್ಯ ಮಾಡಬೇಡಿ. ದೀಪಾವಳಿಯ ವಾರ ನಾಯಿಗಳೆಲ್ಲ ಪಟಾಕಿ ಸದ್ದಿಗೆ ಕಂಗಾಲಾಗಿರುತ್ತವೆ. ಆ ದಿನಗಳಲ್ಲಿ ಪರಿಚಯದ ನಾಯಿಯಿಂದಲೂ ದೂರ.

7. ಮನೆ ನಾಯಿ, ಸ್ನೇಹಿತರ ಮನೆ ನಾಯಿ

ಇಲ್ಲಿ ನಮಗೆ ಮೈಮರೆವು ಜಾಸ್ತಿ. "ನಮ್ಮ ಟಾಮಿ ಏನೂ ಮಾಡಲ್ಲ ಬನ್ನಿ" ಅನ್ನುತ್ತಾರೆ. ಟಾಮಿಗೂ ಕಿವಿನೋವು ಬರುತ್ತದೆ, ವಯಸ್ಸಾಗುತ್ತದೆ, ಸಿಟ್ಟು ಬರುತ್ತದೆ.

ಮುಟ್ಟುವ ಮೊದಲು ಎರಡು ಒಪ್ಪಿಗೆ ಬೇಕು ಅಂತ ಕಲಿಸಿ. ಒಂದು ನಾಯಿಯ ಯಜಮಾನರದು, ಇನ್ನೊಂದು ನಾಯಿಯದು. ಯಜಮಾನರು ಹೂಂ ಅಂದ ಮೇಲೆ ಮಗು ನಾಯಿಯ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ನಿಲ್ಲಬೇಕು, ಕೈ ಮೈಗೆ ಅಂಟಿಸಿಕೊಂಡು. ನಾಯಿ ತಾನಾಗಿ ಹತ್ತಿರ ಬಂದು, ಮೂಸಿ, ಮೈ ಸಡಿಲವಾಗಿ ನಿಂತರೆ ಅದು ಒಪ್ಪಿಗೆ. ಮುಖ ತಿರುಗಿಸಿದರೆ ಇಲ್ಲ ಅಂತ. ಮುಟ್ಟುವುದು ಎದೆಯ ಪಕ್ಕ ಅಥವಾ ಬೆನ್ನಿನ ಮೇಲೆ. ತಲೆಯ ಮೇಲಿಂದ ಕೈ ತಂದರೆ ನಾಯಿಗೆ ಹೊಡೆಯಲು ಬಂದ ಹಾಗೆ ಕಾಣುತ್ತದೆ. ಮೂರು ಸಲ ಸವರಿ ಕೈ ತೆಗೆಯಬೇಕು. ನಾಯಿ ಇನ್ನೂ ಬೇಕು ಅಂತ ಒರಗಿದರೆ ಮತ್ತೆ ಮೂರು ಸಲ.

ತಬ್ಬಿಕೊಳ್ಳುವುದು, ಮುತ್ತು ಕೊಡುವುದು, ಬಾಲ ಎಳೆಯುವುದು, ಬೆನ್ನೇರುವುದು, ತಟ್ಟೆಯಿಂದ ಮೂಳೆ ಕಸಿಯುವುದು ಬೇಡ. ನಾಯಿಯನ್ನು ತಬ್ಬಿಕೊಂಡ ಮಗುವಿನ ಫೋಟೊ ಮೊಬೈಲ್‌ನಲ್ಲಿ ಎಷ್ಟೊಂದು ಬರುತ್ತವೆ. ಮಗುವನ್ನು ಬಿಟ್ಟು ನಾಯಿಯ ಮುಖ ಒಮ್ಮೆ ನೋಡಿ. ಮೇಲೆ ಹೇಳಿದ ಕಣ್ಣಿನ ಬಿಳಿ ಅರ್ಧಚಂದ್ರ ಅಲ್ಲಿ ಎಷ್ಟೋ ಸಲ ಕಾಣುತ್ತದೆ.

ನಾಯಿ ಗುರ್ ಅಂದಾಗ ಅದಕ್ಕೆ ಹೊಡೆಯಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ. ಮನೆ ನಾಯಿಗೆ ಮೂರು ತಿಂಗಳಿಗೆ ರೇಬಿಸ್ ಲಸಿಕೆ ಶುರು ಮಾಡಿ, ಪಶುವೈದ್ಯರು ಹೇಳಿದ ಹಾಗೆ ಮುಂದುವರಿಸಿ, ಕಾರ್ಡ್ ಜೋಪಾನವಾಗಿಡಿ. ಐದಾರು ವರ್ಷದೊಳಗಿನ ಮಗುವನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ.

8. "ಹೇಳಿದರೆ ಬೈಯಲ್ಲ" ಅನ್ನುವ ಒಪ್ಪಂದ

ನನ್ನ ತಂಗಿಯ ಮಗನಿಗೆ ಆಗ ಏಳು ವರ್ಷ. ಒಂದು ಭಾನುವಾರ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಮೊಣಕಾಲಿನ ಹಿಂದೆ ಎರಡು ಕೆಂಪು ಗೆರೆ ಕಂಡವು. ಆಗಲೇ ಹಕ್ಕಳೆ ಕಟ್ಟಿತ್ತು. ಕೇಳಿದರೆ ಬೇಲಿ ಮುಳ್ಳು ತರಚಿತು ಅಂದ. ಸಂಜೆ ಹೊತ್ತಿಗೆ ಅಳುತ್ತಾ ನಿಜ ಹೇಳಿದ. ಐದು ದಿನದ ಹಿಂದೆ ಶಾಲೆ ಹತ್ತಿರದ ಮರಿಯೊಂದಕ್ಕೆ ಬಿಸ್ಕತ್ತು ಹಾಕಲು ಹೋಗಿದ್ದ. ಮುಚ್ಚಿಟ್ಟದ್ದು ಯಾಕೆ ಅಂದರೆ, ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕುತ್ತಾರೆ ಅಂತ ಮನೆಯಲ್ಲೇ ಯಾರೋ ಹೇಳಿದ್ದರು. ಅವತ್ತೇ ಆಸ್ಪತ್ರೆಗೆ ಹೋದೆವು. ಹುಡುಗ ಚೆನ್ನಾಗಿದ್ದಾನೆ. ಆದರೆ ಆ ಐದು ದಿನ ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹೊಕ್ಕುಳ ಸುತ್ತ ಹಾಕುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು 20 ವರ್ಷ ಆಗಿದೆ. ಈಗಿನದು ತೋಳಿಗೆ ಹಾಕುವ ಸಣ್ಣ ಇಂಜೆಕ್ಷನ್, ಪುಟ್ಟ ಮಕ್ಕಳಿಗೆ ತೊಡೆಗೆ. ಇದನ್ನು ಮಗುವಿಗೆ ಹೇಳಿ. ಮನೆಯ ಹಿರಿಯರಿಗೂ ಹೇಳಿ.

ಆಮೇಲೆ ಒಂದು ಒಪ್ಪಂದ ಮಾಡಿಕೊಳ್ಳಿ. "ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಿದರೂ, ಪರಚಿದರೂ, ಗಾಯ ನೆಕ್ಕಿದರೂ ಅವತ್ತೇ ಹೇಳಬೇಕು. ತಪ್ಪು ನಿನ್ನದೇ ಆಗಿದ್ದರೂ ನಾನು ಬೈಯಲ್ಲ, ಹೊಡೆಯಲ್ಲ." ಈ ಮಾತು ಉಳಿಸಿಕೊಳ್ಳುವುದು ಕಷ್ಟ. ಗಾಬರಿಯಲ್ಲಿ "ಹೋಗಬೇಡ ಅಂದಿರಲಿಲ್ವಾ" ಅಂತ ಬಾಯಿಗೆ ಬಂದೇ ಬರುತ್ತದೆ. ನುಂಗಿಕೊಳ್ಳಿ. ಒಮ್ಮೆ ಬೈದರೆ ಮುಂದಿನ ಸಲ ಮಗು ಹೇಳುವುದಿಲ್ಲ.

ಇದನ್ನೂ ಆಡಿಸಿಯೇ ಕಲಿಸಿ. "ನಾನು ಟೀಚರ್, ನಿನಗೆ ನಾಯಿ ಪರಚಿದೆ, ಬಂದು ಹೇಳು." ಬಾಯಿಬಿಟ್ಟು ಒಂದು ಸಲ ಹೇಳಿದ ಮಗುವಿಗೆ ನಿಜವಾಗಿ ಹೇಳುವುದು ಸುಲಭ. ಚಿಕ್ಕ ಮಕ್ಕಳಾದರೆ ಸ್ನಾನದ ಹೊತ್ತಿಗೆ ಕೈಕಾಲು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

9. ಕಚ್ಚಿಬಿಟ್ಟರೆ

ನಲ್ಲಿ ಬಿಡಿ, ಗಡಿಯಾರ ನೋಡಿ. ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಬೇಕು. ಮೈ ಸೋಪಿಲ್ಲದಿದ್ದರೆ ಬಟ್ಟೆ ಸೋಪಾದರೂ ಆಗುತ್ತದೆ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ. 15 ನಿಮಿಷ ಅಂದರೆ ತುಂಬ ಉದ್ದ. ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ, ಮಗು ಅಳುತ್ತಿರುತ್ತದೆ, ಪಕ್ಕದವರು ಆಟೋ ಕರೆದಿರುತ್ತಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಾಯದ ಮೇಲೆ ಸಣ್ಣಗೆ ನೀರು ಬಿಡುತ್ತಾ, ಮತ್ತೆ ಸೋಪು ಹಚ್ಚಿ, ಮತ್ತೆ ತೊಳೆಯಿರಿ. ಉಜ್ಜಬೇಡಿ. ಆಮೇಲೆ ಮನೆಯಲ್ಲಿದ್ದರೆ ಪೋವಿಡೋನ್ ಅಯೋಡಿನ್ ಹಚ್ಚಿ. ರಕ್ತ ಧಾರಾಕಾರ ಹೋಗುತ್ತಿದ್ದರೆ ಮಾತ್ರ ಕಾಯದೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ.

ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ನಾಟಿ ಔಷಧ, ಮಂತ್ರ, ತಾಯತ ಅಂತ ಸಮಯ ಕಳೆಯಬೇಡಿ. ದಯವಿಟ್ಟು.

ಅವತ್ತೇ ಆಸ್ಪತ್ರೆಗೆ ಹೋಗಿ. ವೈದ್ಯರು ಗಾಯವನ್ನು ಮೂರು ದರ್ಜೆಯಲ್ಲಿ ನೋಡುತ್ತಾರೆ. ಸುಮ್ನೆ ಮುಟ್ಟಿದ್ದು, ಗಾಯವಿಲ್ಲದ ಚರ್ಮ ನೆಕ್ಕಿದ್ದು ಮೊದಲನೆಯದು, ಅದಕ್ಕೆ ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಪರಚು ಎರಡನೆಯದು, ಲಸಿಕೆ ಬೇಕು. ರಕ್ತ ಬಂದ ಗಾಯ, ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ಅದು ರೋಗದ ಜೊತೆ ಹೋರಾಡುವ ಸಿದ್ಧ ಪ್ರತಿಕಾಯ, ಅಂದರೆ ಹೊರಗಿನಿಂದ ಕೊಡುವ ಕಾವಲು. ಲಸಿಕೆ ಹಾಕಿದ ಮೇಲೆ ಮೈ ತಾನೇ ಕಾವಲು ಕಟ್ಟಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಇದು ಕಾಯುತ್ತದೆ. ಇದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ನೋವಾಗುತ್ತದೆ, ಆದರೂ ಬೇಡ ಅನ್ನಬೇಡಿ. ಇದು ಎಲ್ಲ ಸಣ್ಣ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಈಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. 104 ಆರೋಗ್ಯ ಸಹಾಯವಾಣಿಯಲ್ಲೂ ಕೇಳಬಹುದು.

ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚರ್ಮದ ಪದರದೊಳಗೆ ಹಾಕುವುದಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28ನೇ ದಿನ. ಮೊದಲ ಇಂಜೆಕ್ಷನ್ ಹಾಕಿದ ದಿನವೇ 0 ದಿನ, ಕಚ್ಚಿದ ದಿನ ಅಲ್ಲ. ಟಿಟಿ ಇಂಜೆಕ್ಷನ್ ಬೇರೆ, ಅದು ಧನುರ್ವಾಯುವಿಗೆ. ಟಿಟಿ ಹಾಕಿಸಿಕೊಂಡು ನಾಯಿ ಕಡಿತದ ಲಸಿಕೆ ಆಯಿತು ಅಂದುಕೊಂಡವರನ್ನು ನಾನು ನೋಡಿದ್ದೇನೆ. ಗಾಯ ಮಾಯಿತು ಅಂತ ಮೂರನೆಯದಕ್ಕೇ ನಿಲ್ಲಿಸುವವರೂ ಇದ್ದಾರೆ. ನಿಲ್ಲಿಸಬೇಡಿ. ತಡವಾಗಿ ಗೊತ್ತಾದರೂ ಹೋಗಿ, ವಾರ ಕಳೆದಿದ್ದರೂ ಹೋಗಿ.

ಕಚ್ಚಿದ ನಾಯಿ ಕಣ್ಣಿಗೆ ಸಿಗುವಂತಿದ್ದರೆ 10 ದಿನ ಗಮನಿಸಿ. ಅದು ಆರೋಗ್ಯವಾಗಿಯೇ ಇದ್ದರೆ ಮುಂದಿನ ಇಂಜೆಕ್ಷನ್ ಬೇಕೋ ಬೇಡವೋ ಅಂತ ವೈದ್ಯರು ನಿರ್ಧರಿಸುತ್ತಾರೆ. ಆದರೆ 10 ದಿನ ನೋಡಿಕೊಂಡು ಆಮೇಲೆ ಲಸಿಕೆ ಶುರು ಮಾಡೋಣ ಅಂತ ಕಾಯುವ ಹಾಗಿಲ್ಲ. ಹುಚ್ಚುನಾಯಿ ನೀರಿಗೆ ಹೆದರುತ್ತದೆ ಅನ್ನುವುದೂ ತಪ್ಪು ನಂಬಿಕೆ, ಆ ಲಕ್ಷಣ ಮನುಷ್ಯರದು. ರೇಬಿಸ್ ಬಂದ ನಾಯಿ ನೀರಿನ ಪಕ್ಕದಲ್ಲೂ ನಿಂತಿರಬಹುದು. ಎಲ್ಲವೂ ಕೆರಳಿ ಓಡಾಡುವುದಿಲ್ಲ. ಕೆಲವು ಮೂಲೆ ಹಿಡಿದು, ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ ಸುಮ್ಮನಿರುತ್ತವೆ. ಪಾಪ ಅಂತ ಮಕ್ಕಳು ನೀರು ಕುಡಿಸಲು ಹೋಗುವುದು ಇಂಥವಕ್ಕೇ.

10. ಕಚ್ಚಿಸಿಕೊಂಡ ಮಗುವಿನ ಹೆದರಿಕೆ

ಗಾಯ ಮಾಯ್ದ ಮೇಲೂ ಮಗು ಬೀದಿಗೆ ಇಳಿಯಲು ಒಪ್ಪುವುದಿಲ್ಲ, ರಾತ್ರಿ ಬೆಚ್ಚಿಬೀಳುತ್ತದೆ. "ಇಷ್ಟಕ್ಕೆಲ್ಲ ಹೆದರ್ತಾರಾ" ಅನ್ನಬೇಡಿ. ಬಲವಂತವಾಗಿ ನಾಯಿ ಮುಟ್ಟಿಸಲೂ ಬೇಡಿ. ಮೊದಲು ಗೊಂಬೆಯ ಜೊತೆ ಮರ ಆಗುವ ಆಟಕ್ಕೆ ಹಿಂತಿರುಗಿ. ಆಮೇಲೆ ಕಿಟಕಿಯಿಂದ ನಾಯಿ ನೋಡುವುದು. ಒಂದೆರಡು ತಿಂಗಳಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಮಗು ಸಿದ್ಧ ಅನ್ನಿಸಿದ ದಿನ ಪರಿಚಯದ ಮನೆಯ ಒಂದು ಶಾಂತ, ಮುದಿ ನಾಯಿಯ ಗೇಟಿನ ಹೊರಗೆ, ರಸ್ತೆಯ ಆ ಬದಿಯಲ್ಲಿ ಕೈ ಹಿಡಿದುಕೊಂಡು ನಿಲ್ಲಿ. ಎರಡರ ಮಗ್ಗಿ ಒಂದು ಸಲ ಆಗಲಿ. "ಮನೆಗೆ ಹೋಗೋಣ" ಅಂತ ಮಗು ಅಂದರೆ ಅವತ್ತಿಗೆ ಅಷ್ಟು ಸಾಕು, ಬನ್ನಿ. ನಾಳೆ ಇನ್ನೊಂದು ಹೆಜ್ಜೆ ಹತ್ತಿರ ನಿಲ್ಲಬಹುದು.